ಉಣುಗೋಲಿನಾಚೆ ಅವ್ವನ ನಿದ್ದೆ

ನಿದ್ದೆ ಬಾರದಾಗ ನಾನು ಕಣ್ಣು ಮುಚ್ಚಿಕೊಂಡು ಒಂದು ತೆಂಗಿನ ತೋಟದ ಬಾಗಿಲಿಗೆ ಹೋಗಿ ನಿಲ್ಲುತ್ತೇನೆ. ಸಖರಾಯಪಟ್ಟಣದ ಹತ್ತಿರದ ನಮ್ಮೂರಿನ ತೋಟ ಅದು. ಬಾಗಿಲೆಂದರೆ ಕದವಲ್ಲ. ಎರಡು ಕಲ್ಲುಕಂಬ, ಅವುಗಳ ತೂತಿಗೆ ಅಡ್ಡಡ್ಡ ತೂರಿಸಿದ ಬಿದಿರಿನ ಗಳಗಳು. ನಮ್ಮ ಕಡೆ ಅದಕ್ಕೆ ಉಣುಗೋಲು ಅನ್ನುತ್ತೇವೆ. ನಾನು ಆ ಗಳಗಳನ್ನು ನಿಧಾನವಾಗಿ ಒಂದೊಂದೇ ಸರಿಸುತ್ತೇನೆ. ಒಳಗೆ ಗಾಳಿ ಗರಿಗಳ ಮೇಲೆ ಆಡುತ್ತಿರುತ್ತದೆ. ಕೇಳಿದರೆ ಮಳೆ ಬಂದಂತೆ ಅನ್ನಿಸುತ್ತದೆ, ತಲೆಯೆತ್ತಿದರೆ ಮಳೆಯಿಲ್ಲ, ಬರೀ ಬಿಸಿಲು. ಅಷ್ಟರಲ್ಲಿ ದೊಡ್ಡಮ್ಮನ ದನಿ ಕೇಳಿಸುತ್ತದೆ. ಅದು ಅಳುವ ದನಿ. ಅದನ್ನು ಕೇಳುತ್ತ ಬಾವಿಕಟ್ಟೆ ಮುಟ್ಟುವುದರೊಳಗೆ ನನಗೆ ನಿದ್ದೆ ಹತ್ತಿರುತ್ತದೆ.

ಅಳು ಕೇಳಿಕೊಂಡು ನಿದ್ದೆ ಮಾಡುವ ಹೆಂಗಸು ಎಂದರೆ ಜನ ನಗುತ್ತಾರೆ. ನಗಲಿ. ಈಗ ಊರೂರಲ್ಲಿ ಕಂಚಿನ ಬಟ್ಟಲು ಬಾರಿಸಿ, ಮೆತ್ತಗಿನ ದನಿಯಲ್ಲಿ ಮಾತಾಡಿ ಮಲಗಿಸುವವರು ಬಂದಿದ್ದಾರಂತೆ. ನಮ್ಮ ಮನೆಯಲ್ಲಿ ಅದು ಎಂದೋ ನಡೆದುಹೋಯಿತು. ನಡೆದ ಬಗೆ ಮಾತ್ರ ಬೇರೆ.

ಎಪ್ಪತ್ತರ ದಶಕ ಮುಗಿಯುತ್ತ ಬಂದಿತ್ತು. ನಾನು ಕಡೂರಿನ ಕಾಲೇಜಿಗೆ ಬಸ್ಸಿನಲ್ಲಿ ಹೋಗಿಬರುತ್ತಿದ್ದೆ. ಆ ವರ್ಷವೇ ಅಪ್ಪನಿಗೂ ಅವನ ಅಣ್ಣನಿಗೂ ಪಾಲಾಯಿತು. ನಮ್ಮಲ್ಲಿ ಅಣ್ಣನಾದವನು ಪಾಲು ಮಾಡಬೇಕು, ತಮ್ಮನಾದವನು ಆರಿಸಿಕೊಳ್ಳಬೇಕು. ದೊಡ್ಡಪ್ಪ ಒಂದು ಕಡೆ ಬಾವಿ ಸಮೇತ ತೆಂಗಿನ ತೋಟ ಇಟ್ಟ, ಇನ್ನೊಂದು ಕಡೆ ದೊಡ್ಡ ರಾಗಿ ಹೊಲ ಮತ್ತು ಊರಾಚೆಯ ಹೊಸ ಮನೆ ಇಟ್ಟ. ಪಂಚಾಯ್ತಿಗೆ ಬಂದ ಹಿರಿಯರೆಲ್ಲ ಅಪ್ಪನ ಮುಖ ನೋಡಿದರು. ಫಲ ಬಿಡುವ ತೋಟಕ್ಕೆ ಮೊದಲು ಕೈ ಹಾಕಿದರೆ ಆಸೆಬುರುಕ ಅಂದಾರು ಎಂದು ನಮ್ಮಪ್ಪ ಹೊಲ ಸಾಕು ಅಂದುಬಿಟ್ಟ. ಒಳಬಾಗಿಲಲ್ಲಿ ನಿಂತಿದ್ದ ಅವ್ವನ ಕಡೆ ಒಂದು ಸಲ ತಿರುಗಿಯೂ ನೋಡಲಿಲ್ಲ.

ಆ ತೋಟದ ಅರ್ಧ ಗಿಡಗಳು ಅವ್ವ ಬಿಂದಿಗೆ ಹೊತ್ತು ನೀರು ಹೊಯ್ದು ಬೆಳೆಸಿದಂಥವು. ಬಾವಿ ತಳ ಕಾಣುವ ಬೇಸಿಗೆಯಲ್ಲಿ ಸಹ ಅವಳು ಒಂದು ಸಸಿಯನ್ನೂ ಒಣಗಗೊಟ್ಟಿರಲಿಲ್ಲ. ಮರಗಳಿಗೆಲ್ಲ ಅವಳದೇ ಹೆಸರುಗಳಿದ್ದವು: ಸೊಟ್ಟ ಮರ, ಜೋಡಿ ಮರ, ಸಿಡಿಲಿನ ಮರ. ಗಂಡನ ಮೇಲೆ ಬಂದ ಸಿಟ್ಟನ್ನು ಅಷ್ಟು ಜನರ ಎದುರು ಆಡುವಂತಿರಲಿಲ್ಲ. ಅತ್ತೆ ಮೇಲಿನ ಕೋಪ ಕೊತ್ತಿ ಮೇಲೆ ಅನ್ನುವ ಹಾಗೆ ಅದು ಪಕ್ಕದಲ್ಲಿ ನಿಂತಿದ್ದ ದೊಡ್ಡಮ್ಮನ ಮೇಲೆ ಹೋಯಿತು.

“ತಗಾ ಅಕ್ಕ, ನೀನೇ ಉಣ್ಣು. ಇನ್ಮೇಲೆ ಆ ತೋಟದ ಮಣ್ಣು ತುಳಿದ್ರೆ ನಾನು ನಮ್ಮಪ್ಪನ ಮಗಳೇ ಅಲ್ಲ” ಅಂದಳು ಅವ್ವ.

ದೊಡ್ಡಮ್ಮ ಸುಮ್ಮನಿರುವ ಹೆಂಗಸಲ್ಲ. “ಕರೆದೋರ್ ಯಾರು ನಿನ್ನ?” ಅಂದಳು.

ಅಲ್ಲಿಗೆ ಇಬ್ಬರ ಮಾತೂ ನಿಂತಿತು. ಒಂದೇ ಒಲೆಯ ಮುಂದೆ ಇಷ್ಟು ವರ್ಷ ರಾಗಿ ಮುದ್ದೆ ತೊಳಸಿದ ವಾರಗಿತ್ತಿಯರು ನೀರಿನ ದಾರಿಯಲ್ಲಿ ಎದುರಾದರೆ ಮುಖ ತಿರುಗಿಸಿಕೊಂಡು ಹೋಗುತ್ತಿದ್ದರು. ನನಗೆ ದೊಡ್ಡಮ್ಮ ಇಲ್ಲದೆ ಬಹಳ ಬೇಸರವಾಗುತ್ತಿತ್ತು. ನನ್ನ ತಲೆಗೂದಲ ಸಿಕ್ಕನ್ನು ನೋವಾಗದಂತೆ ಬಿಡಿಸುತ್ತಿದ್ದವಳು ಅವಳೊಬ್ಬಳೇ.

ಹೊಸ ಮನೆಗೆ ಬಂದ ಮೇಲೆ ಅವ್ವನಿಗೆ ನಿದ್ದೆ ಹೋಯಿತು. ಮೊದಮೊದಲು ಮನೆ ಹೊಸದು, ಅದಕ್ಕೇ ಅಂದುಕೊಂಡೆವು. ನಮ್ಮಪ್ಪನಿಗಂತೂ ಚಿಂತೆ ಇಲ್ಲದವನಿಗೆ ಸಂತೆಯಲ್ಲೂ ನಿದ್ದೆ. ಅವನು ಗೊರಕೆ ಹೊಡೆಯುತ್ತಿದ್ದ, ಅವಳು ಗೋಡೆಗೊರಗಿ ಕೂತಿರುತ್ತಿದ್ದಳು. ಹಗಲು ನೀರು ಸೇದುತ್ತ ಸೇದುತ್ತ ಹಗ್ಗ ಹಿಡಿದೇ ನಿಂತುಬಿಡುತ್ತಿದ್ದಳು. ಒಂದು ಬೆಳಿಗ್ಗೆ ಒಲೆಯ ಮುಂದೆ ತೂಕಡಿಸಿ ಸೆರಗಿಗೆ ಬೆಂಕಿ ಹತ್ತಿತು. ನಾನು ಪಕ್ಕದಲ್ಲಿದ್ದ ಬಿಂದಿಗೆಯ ನೀರನ್ನೇ ಎತ್ತಿ ಸುರಿದೆ. ಅವಳಿಗೆ ಎಚ್ಚರವಾದದ್ದು ಬೆಂಕಿಗಲ್ಲ, ನೀರಿಗೆ. ಅಂದಿನಿಂದ ಅವಳನ್ನು ಒಲೆಯ ಹತ್ತಿರ ಒಬ್ಬಳನ್ನೇ ಬಿಡಲು ನನಗೆ ಹೆದರಿಕೆಯಾಗುತ್ತಿತ್ತು.

ತರೀಕೆರೆಯ ಒಬ್ಬ ಡಾಕ್ಟರು ಮಾತ್ರೆ ಕೊಟ್ಟರು. ಮಾತ್ರೆ ನುಂಗಿದರೆ ಅವ್ವ ಮಂಕಾಗಿ ಕೂರುತ್ತಿದ್ದಳು, ನಿದ್ದೆ ಮಾತ್ರ ಇಲ್ಲ. ಹೀಗೇ ಬಿಟ್ಟರೆ ಜೀವ ಉಳಿಯುವುದು ಕಷ್ಟ ಎಂದು ಅವರು ಅಪ್ಪನನ್ನು ಹೊರಗೆ ಕರೆದು ಹೇಳಿದರು. ಅಪ್ಪ ಹೆದರಿ ಅವಳನ್ನು ಶಿವನಿ ಊರಿನ ತವರುಮನೆಗೆ ಬಿಟ್ಟುಬಂದ. ಸ್ಟೇಷನ್ನಿನ ಹಿಂದಿನ ಆ ಮನೆಯಲ್ಲಿ ರೈಲು ಹೋಗುವಾಗ ಅಡ್ಡಣಿಗೆಯ ಮೇಲಿನ ಲೋಟಗಳು ಗಿಣಿಗಿಣಿ ಅನ್ನುತ್ತಿದ್ದವು. ಹುಡುಗಿಯಾಗಿದ್ದಾಗ ಆ ಸದ್ದಿನಲ್ಲೇ ಮಲಗಿ ಬೆಳೆದವಳು ಅವ್ವ. ವಾರ ಕಳೆದು ಬಂದಾಗ ಕಣ್ಣು ಇನ್ನೂ ಒಳಗೆ ಹೋಗಿದ್ದವು. “ಒಂದು ರೈಲು ಹೋದ್ಮೇಲೆ ಇನ್ನೊಂದು ಯಾವಾಗ ಬತ್ತೈತೋ ಅಂತ ಕಾಯ್ತಾ ಇದ್ದೆ ಕಣೇ” ಅಂದಳು.

ಅದೇ ದಿನಗಳಲ್ಲಿ ಕಡೂರಿನ ಒಂದು ಶಾಲೆಯಲ್ಲಿ ಸಂಜೆ ಯೋಗದ ಶಿಬಿರ ಶುರುವಾಯಿತು. ನಿದ್ದೆಗೆ ಬಹಳ ಒಳ್ಳೆಯದು ಅಂತ ಕಾಲೇಜಿನಲ್ಲಿ ಯಾರೋ ಅಂದರು. ನಾನು ಅವ್ವನನ್ನು ಎಳೆದುಕೊಂಡು ಹೋದೆ. ಬೆಂಚುಗಳನ್ನು ಗೋಡೆಗೆ ಪೇರಿಸಿ, ನೆಲಕ್ಕೆ ಜಮಖಾನ ಹಾಸಿದ್ದರು. ಅಜ್ಜಂಪುರದ ಕಡೆಯ ಮೇಷ್ಟ್ರು, ಬಿಳಿ ಪಂಚೆ, ಬೆಲ್ಲದ ಪಾಕದಂಥ ದನಿ. ಮುಂದೆ ಒಂದು ಕಂಚಿನ ಬಟ್ಟಲು. ಎಲ್ಲರೂ ಶವಾಸನದಲ್ಲಿ ಮಲಗಿ ಅಂದರು.

ಅವ್ವ ಮಲಗಲಿಲ್ಲ. ದೀಪ ಹಚ್ಚುವ ಹೊತ್ತಿನಲ್ಲಿ ಗೃಹಸ್ಥರು ಮಲಗುತ್ತಾರೆಯೇ ಎಂಬುದು ಅವಳ ಮೊದಲನೆಯ ತಕರಾರು. ಜಮಖಾನ ಹಾಸಿದ ರೀತಿಯಲ್ಲಿ ತಲೆ ಉತ್ತರಕ್ಕೆ ಬರುತ್ತದೆ ಎಂಬುದು ಎರಡನೆಯದು. “ಇನ್ನು ಶವದಂಗೆ ಮಲಗು ಅಂತೀರಲ್ಲ ಸ್ವಾಮಿ, ಮುತ್ತೈದೆ ನಾನು” ಅಂದಳು. ಕಡೂರಿನ ಹೆಂಗಸರು ಬಾಯಿಗೆ ಸೆರಗು ಹಿಡಿದು ನಕ್ಕರು. ನನಗೆ ಭೂಮಿ ಬಾಯ್ಬಿಡಬಾರದೇ ಅನ್ನಿಸಿತು. ಮೇಷ್ಟ್ರು ಮಾತ್ರ ನಗದೆ ಜಮಖಾನ ತಿರುಗಿಸಿ ಹಾಕಿಸಿ, “ಸುಮ್ನೆ ದಣಿವಾರಿಸ್ಕೊಳ್ಳಿ ತಾಯಿ, ಹೆಸರು ಬೇಡ” ಅಂದರು.

ಅವರು ಬಟ್ಟಲಿಗೆ ಒಂದು ಏಟು ಹಾಕಿದರು. ಆ ಸದ್ದನ್ನು ನಾನು ಮರೆಯಲಾರೆ. ಅದು ಕಿವಿಗೆ ಬಂದು ಅಲ್ಲೇ ನಿಲ್ಲದೆ ಕುತ್ತಿಗೆ, ಬೆನ್ನು, ಮೊಣಕಾಲ ತನಕ ಇಳಿಯಿತು. ಬೆಚ್ಚಗಿನ ನೀರನ್ನು ನೆತ್ತಿಯ ಮೇಲೆ ಯಾರೋ ತೆಳ್ಳಗೆ ಹೊಯ್ದ ಹಾಗಿತ್ತು. ಸದ್ದು ಪೂರ್ತಿ ಆರುವ ತನಕ ಕಾದು ಮೇಷ್ಟ್ರು ಇನ್ನೊಂದು ಏಟು ಹಾಕಿದರು. ಆಮೇಲೆ, “ನೀವೀಗ ಬುಕ್ಕಾಂಬುಧಿ ಕೆರೆ ಏರಿ ಮೇಲೆ ನಿಂತಿದ್ದೀರಿ. ನೀರು ಕಾಣ್ತಾ ಇದೆ. ತಂಗಾಳಿ ಬರ್ತಾ ಇದೆ” ಎಂದು ನಿಧಾನವಾಗಿ ಹೇಳತೊಡಗಿದರು. ಅಕ್ಕಪಕ್ಕದ ಹೆಂಗಸರೆಲ್ಲ ಗೊರಕೆಗೆ ಬಿದ್ದರು. ನಾನೂ ನೀರಿನ ಮೇಲೆ ತೇಲಿಕೊಂಡು ಎಲ್ಲಿಗೋ ಹೋದೆ. ಎಚ್ಚರಾದಾಗ ಅವ್ವ ಸೂರು ನೋಡುತ್ತಿದ್ದಳು.

“ಆ ಏರಿ ಮೇಲೇ ನಮ್ಮಪ್ಪನ ಎತ್ತು ಜಾರಿ ಕಾಲು ಮುರ್ಕಂಡಿದ್ದು. ಅದು ನೆಪ್ಪಾಗಿ ಇದ್ದ ಬದ್ದ ಜೋಂಪೂ ಹಾರೋಯ್ತು” ಅಂದಳು.

ಮೇಷ್ಟ್ರು ಆಗ ನಕ್ಕರು. ನನ್ನನ್ನು ಹತ್ತಿರ ಕರೆದು, “ನಾನು ತೋರಿಸಿದ ಜಾಗ ಅವರಿಗೆ ಒಗ್ಗಲ್ಲಮ್ಮ. ಮನೇಲಿ ನೀನೇ ಮಾಡ್ಸು. ದಿನಾ ಮಧ್ಯಾಹ್ನ ಮಲಗಿಸಿ ಕಂಚಿನ ಸದ್ದು ಕೇಳಿಸು, ಒಂದು ಆರಿದ ಮೇಲೆ ಇನ್ನೊಂದು. ಅವರ ಮನಸ್ಸು ತಾನಾಗೇ ಎಲ್ಲಿಗೆ ಹೋಗುತ್ತೋ ಅಲ್ಲಿ ನಿಧಾನವಾಗಿ ಅಡ್ಡಾಡಿಸು. ಗುಣವಾಗ್ತದೆ” ಅಂದರು.

ಮನೆಯಲ್ಲಿ ಕಂಚೆಂದರೆ ಉಣ್ಣುವ ಗಂಗಾಳ. ನಾನು ಅದನ್ನೇ ತಂದು ಸೌಟಿನಿಂದ ಬಡಿದೆ. ಅವ್ವ ದಡಕ್ಕನೆ ಎದ್ದಳು. “ಬರೀ ಗಂಗಾಳ ಬಡೀಬ್ಯಾಡ ಕಣೇ, ಮನೆಗೆ ದರಿದ್ರ!” ಬರಿದು ಇರಬಾರದು ತಾನೇ ಎಂದು ಒಂದು ಹಿಡಿ ರಾಗಿ ಹಾಕಿದೆ. ದಪ್ ಅಂತು. ಕೊನೆಗೆ ಅರ್ಧ ನೀರು ತುಂಬಿ ಮೆಲ್ಲಗೆ ತಟ್ಟಿದೆ. ಅದೊಂದು ಬೆರಗು. ಸದ್ದು ನೀರಿನ ಜೊತೆ ತುಯ್ದಾಡುತ್ತ ಮೇಲೆದ್ದು, ಬಾಗಿ, ಹಣೆ ಸವರಿ ಹೋಗುತ್ತಿತ್ತು. ಗಂಗಾಳದ ನೀರಿನ ಬಿಸಿಲು ಸೂರಿನ ಮೇಲೆ ಮೀನಿನಂತೆ ಆಡುತ್ತಿತ್ತು. ಅವ್ವ ಅದನ್ನೇ ನೋಡುತ್ತ ನೋಡುತ್ತ ಕಣ್ಣು ಮುಚ್ಚಿದಳು.

“ಎಲ್ಲಿದೀಯವ್ವ?” ಎಂದು ಮೆಲ್ಲಗೆ ಕೇಳಿದೆ.

“ಉಣುಗೋಲ ಹತ್ರ” ಅಂದಳು. ದನಿ ಬಹಳ ದೂರದಿಂದ ಬಂದಂತಿತ್ತು. “ಗಾಳಿ ಐತೆ. ಗರಿ ಒಂದಕ್ಕೊಂದು ಒರಸ್ಕೊಂಡು ಸುರ್ರ್ ಅಂತಾವೆ. ಸೊಟ್ಟ ಮರ ಕಾಣ್ತಾ ಐತೆ. ಅದರ ನೆರಳೂ ಸೊಟ್ಟವೇ.”

“ಒಳಗೆ ಹೋಗು.”

“ಊಹೂಂ.”

“ಯಾಕವ್ವ?”

“ತುಳಿಯಲ್ಲ ಅಂದಿದೀನಲ್ಲೇ. ಅವರ ತೋಟ ಅದು. ಕರೀದೆ ಹೆಂಗೆ ಹೋಗ್ಲಿ?”

“ಕಣ್ಣು ಮುಚ್ಕೊಂಡು ಹೋದ್ರೆ ಯಾರಿಗೆ ಗೊತ್ತಾಗ್ತದೆ?”

“ನಂಗೆ ಗೊತ್ತಾಗಲ್ವಾ?” ಅಂದಳು ಅವ್ವ, ಕಣ್ಣು ಬಿಟ್ಟು.

ಅವಳ ನಿದ್ದೆ ಎಲ್ಲಿ ಸಿಕ್ಕಿಬಿದ್ದಿದೆ ಎಂದು ನನಗೆ ಆಗ ತಿಳಿಯಿತು. ತಿಳಿದು ಮಾಡುವುದೇನು? ಕಣ್ಣು ಮುಚ್ಚಿಸಿ ಮಾತಿನಲ್ಲೇ ಹೊಲಕ್ಕೆ ಕರೆದುಕೊಂಡು ಹೋಗಿ ನೋಡಿದೆ, ಅಲ್ಲಿ ಅವಳು ನಿಲ್ಲಲಿಲ್ಲ. ಹಾಗೆಯೇ ಶಿವನಿಯ ತವರಿಗೆ ಕರೆದೊಯ್ದೆ, ರೈಲು ಹತ್ತಿ ವಾಪಸು ಬಂದಳು. ಎತ್ತ ಹೊರಡಿಸಿದರೂ ದಾರಿ ತಿರುಗಿ ತಿರುಗಿ ಉಣುಗೋಲಿಗೇ ಬಂದು ನಿಲ್ಲುತ್ತಿತ್ತು. ದಿನವೂ ಮಧ್ಯಾಹ್ನ ಅವಳು ಕಣ್ಣು ಮುಚ್ಚಿಕೊಂಡು ಆ ಗಳಗಳ ಮೇಲೆ ಕೈಯಿಟ್ಟು ನಿಂತಿರುತ್ತಿದ್ದಳು. ಹೊರಗಿನಿಂದ ಕಂಡದ್ದನ್ನು ನನಗೆ ಹೇಳುತ್ತಿದ್ದಳು. ಅಳಿಲು ಓಡಿತು. ಒಂದು ಒಣ ಗರಿ ಬಿತ್ತು. ಬಾವಿಯ ಪಕ್ಕ ತಾನು ಕೊನೆಯದಾಗಿ ನೆಟ್ಟ ಗಿಡ ಮಾತ್ರ ಇಲ್ಲಿಂದ ಕಾಣುವುದಿಲ್ಲ, ಜೋಡಿ ಮರ ಅಡ್ಡ ಬರುತ್ತದೆ. ಹೇಳುತ್ತ ಹೇಳುತ್ತ ಕಣ್ಣ ಕೊನೆಯಲ್ಲಿ ನೀರು ಬಂದು ಕಿವಿಗೆ ಇಳಿಯುತ್ತಿತ್ತು.

ಅವ್ವ ಕಡ್ಡಿಯಾದಳು. ಊರಿನಲ್ಲಿ ಅವಳು ಇನ್ನು ಬಹಳ ದಿನ ಇರುವುದಿಲ್ಲ ಎಂಬ ಮಾತು ಹುಟ್ಟಿ ನಮ್ಮ ಕಿವಿಗೂ ಬಿತ್ತು. ಬೆಂಕಿ ಹತ್ತಿದ ಸೀರೆಯನ್ನು ಅವಳು ಒಗೆದು ಮಡಿಸಿಟ್ಟಿದ್ದಳು. ಅದನ್ನು ಕಂಡಾಗಲೆಲ್ಲ ನಾನು ಹೋಗಿ ಒಲೆ ಆರಿದೆಯೇ ಎಂದು ನೋಡಿಬರುತ್ತಿದ್ದೆ.

ಗಂಗಾಳದ ಸದ್ದು ಸಾಲದೇನೋ, ಇನ್ನೂ ಗಟ್ಟಿ ಸದ್ದಾದರೆ ಉಣುಗೋಲು ದಾಟಿಸೀತೇನೋ ಅನ್ನಿಸಿತು ನನಗೆ. ದೇವರ ಮನೆಯ ಮೊಳೆಗೆ ಜಾಗಟೆ ತೂಗುಹಾಕಿತ್ತು. ಶನಿವಾರದ ಪೂಜೆಗೆ ಬಡಿಯುವ ದಪ್ಪ ಕಂಚಿನ ತಟ್ಟೆ ಅದು. ಒಂದು ಇಳಿಹೊತ್ತು ಅಪ್ಪ ಹೊಲಕ್ಕೆ ಹೋಗಿದ್ದ. ಅವ್ವನನ್ನು ನಡುಮನೆಯಲ್ಲಿ ಚಾಪೆಯ ಮೇಲೆ ಅಂಗಾತ ಮಲಗಿಸಿದೆ. ನೊಣ ಕೂರದಿರಲಿ ಎಂದು ಒಂದು ಬಿಳಿ ಪಂಚೆಯನ್ನು ಗಲ್ಲದ ತನಕ ಹೊದಿಸಿದೆ. ಮೇಷ್ಟ್ರು ಹೇಳಿದ ಹಾಗೆ ಒಂದು ಏಟು ಹಾಕಿ ಸದ್ದು ಆರುವ ತನಕ ಕಾದೆ. ಆಮೇಲೆ ಇನ್ನೊಂದು. ಹಂಚು, ಗೋಡೆ, ನೆಲವೆಲ್ಲ ಮಿಡಿದವು. ನನಗೇ ತೂಕಡಿಕೆ ಬಂತು.

ನಮ್ಮೂರಿನಲ್ಲಿ ಪೂಜೆಗಾದರೆ ಜಾಗಟೆಯನ್ನು ಬಿಡದೆ ಬಡಿಯುತ್ತಾರೆ. ಹೀಗೆ ಬಿಟ್ಟು ಬಿಟ್ಟು ಒಂದೊಂದೇ ಏಟು ಹಾಕುವುದು ಹೆಣದ ಮುಂದೆ ಮಾತ್ರ. ಯೋಗದ ಗುಂಗಿನಲ್ಲಿದ್ದ ನನಗೆ ಅದು ಹೊಳೆಯಲೇ ಇಲ್ಲ.

ಊರಿಗೆ ಹೊಳೆಯಿತು. ಮೊದಲು ಬೀದಿಯಲ್ಲಿ ಓಡುವ ಕಾಲಿನ ಸದ್ದು, ಆಮೇಲೆ “ಅಯ್ಯಯ್ಯೋ!” ಎಂಬ ಕೂಗು. ನಾನು ಏಳುವಷ್ಟರಲ್ಲಿ ದೊಡ್ಡಮ್ಮ ಒಳಗೆ ಬಂದಿದ್ದಳು. ಪಾಲಾದ ಮೇಲೆ ನಮ್ಮ ಹೊಸಿಲು ತುಳಿಯದವಳು ತುರುಬು ಬಿಚ್ಚಿ, ತೋಟದ ಕೆಂಪು ಮಣ್ಣಿನ ಕಾಲಲ್ಲಿ ಓಡಿಬಂದು, ಚಾಪೆಯ ಪಕ್ಕ ಧೊಪ್ಪನೆ ಕೂತು, ಎದೆ ಬಡಿದುಕೊಂಡು ರಾಗವೆತ್ತಿದಳು.

“ಅಯ್ಯೋ ನನ್ ತಂಗ್ಯವ್ವಾ! ಒಂದು ಮಾತು ಅಂದೆ ಅಂತ ಹಿಂಗೆ ಹೋಗ್ಬಿಟ್ಯಲ್ಲೇ! ಕರೆದೋರ್ ಯಾರು ಅಂದ ನನ್ನ ನಾಲಿಗೆ ಬಿದ್ದೋಗ್ಲಿ ಕಣೇ! ಈಗ ಕರೀತೀನಿ ಬಾರೇ, ಉಣುಗೋಲು ತೆಗೆದಿಟ್ಟೀನಿ ಬಾರೇ! ಸೊಟ್ಟ ಮರ ನೀನೆಲ್ಲಿ ಅಂತ ಕೇಳ್ತೈತೆ, ನಾನೇನು ಹೇಳ್ಲೇ? ಸಿಡಿಲಿನ ಮರದ ಬುಡದಾಗೆ ನೀ ಹಾಕಿದ ಕನಕಾಂಬರ ಕೆಂಪಗೆ ಹೂವಾಗೈತೆ, ಮುಡಿಯೋರ್ ಯಾರೇ? ಜೋಡಿ ಮರದ ಮಧ್ಯೆ ನೀನು ಕೂರ್ತಿದ್ದ ಕಲ್ಲು ಬರಿದಾಗೈತಲ್ಲೇ! ಬಾವಿ ಪಕ್ಕದ ನಿನ್ನ ಗಿಡ ಮೊದಲ ಹೊಂಬಾಳೆ ಒಡೆದೈತೆ, ನೋಡ್ದೆ ಹೋದ್ಯಲ್ಲೇ ನನ್ನವ್ವಾ!”

“ದೊಡ್ಡಮ್ಮ, ದೊಡ್ಡಮ್ಮ” ಎಂದು ನಾನು ಭುಜ ಅಲ್ಲಾಡಿಸಿದೆ. ಅವಳ ರಾಗದಲ್ಲಿ ನನ್ನ ದನಿ ಯಾರಿಗೆ ಕೇಳಬೇಕು? ಅವ್ವನೇ ಎದ್ದು ಕೂರಲಿ ಎಂದು ಅವಳ ಮುಖ ನೋಡಿದೆ. ನೋಡಿ ಸುಮ್ಮನಾದೆ. ಪಂಚೆಯ ಕೆಳಗೆ ಅವ್ವನ ಪಾದಗಳು ನಡೆಯುವವರ ಪಾದದ ಹಾಗೆ ಒಂದಾದ ಮೇಲೊಂದು ಸಣ್ಣಗೆ ಮಿಸುಕುತ್ತಿದ್ದವು. ದೊಡ್ಡಮ್ಮನ ಅಳು ಏರುತ್ತಿತ್ತು, ಇಳಿಯುತ್ತಿತ್ತು, ಅದರ ಒಂದೊಂದು ಸುತ್ತಿನಲ್ಲೂ ಅವ್ವ ಒಂದೊಂದು ಮರ ದಾಟುತ್ತಿರುವಂತಿತ್ತು. ಮನೆಯೊಳಗೆ ಗರಿಗಳ ಸದ್ದು ಕೇಳಿದ ಹಾಗೆ, ಬಾವಿಯ ತಂಪು ಬಂದ ಹಾಗೆ ನನಗೆ ಅನ್ನಿಸಿತು. ಮೆಲ್ಲಗೆ ಅವ್ವನ ಪಾದಗಳು ನಿಂತವು. ಹುಬ್ಬಿನ ಗಂಟು ಬಿಚ್ಚಿತು. ಬಾಯಿ ಒಂದಿಷ್ಟು ತೆರೆಯಿತು. ಒಂದು ಉದ್ದನೆಯ ಉಸಿರು ಬಂತು, ಅದರ ಹಿಂದೆ ಗೊರಕೆ.

ದೊಡ್ಡಮ್ಮನ ರಾಗ ಅರ್ಧಕ್ಕೆ ನಿಂತಿತು. ಬಾಗಿ ಕಿವಿಗೊಟ್ಟಳು.

“ಗೊರಕೆ ಹೊಡೀತಾವ್ಳಲ್ಲೇ ಇವ್ಳು!”

ನಾನು ಪಿಸುದನಿಯಲ್ಲಿ ಎಲ್ಲ ಹೇಳಿದೆ. ಮೇಷ್ಟ್ರು, ಕಂಚು, ಉಣುಗೋಲಿನ ಹತ್ತಿರ ದಿನವೂ ನಿಂತುಬಿಡುತ್ತಿದ್ದ ಅವ್ವ, ಎಲ್ಲ. ದೊಡ್ಡಮ್ಮ ಜಾಗಟೆ ನೋಡಿದಳು, ಬಿಳಿ ಪಂಚೆ ನೋಡಿದಳು, ನನಗೆ ಹೊಡೆಯಲು ಕೈ ಎತ್ತಿ ಹಾಗೆಯೇ ಇಳಿಸಿದಳು. “ಕಾಲೇಜಿಗೆ ಬೇರೆ ಹೋಗ್ತೀಯ, ಕತ್ತೆ!” ಅಂದಳು. ಆಮೇಲೆ ಸೆರಗು ಬಾಯಿಗೆ ತುರುಕಿಕೊಂಡು ಅತ್ತಳು. ನಗುತ್ತಿದ್ದಾಳೋ ಅಂತ ನೋಡಿದೆ. ಇಲ್ಲ, ಅಳುತ್ತಲೇ ಇದ್ದಳು.

ಬಾಗಿಲಲ್ಲಿ ಅರ್ಧ ಊರು ನೆರೆದಿತ್ತು. ಚಟ್ಟಕ್ಕೆ ಬಿದಿರು ಕಡಿಯಲು ಒಬ್ಬ ಮಚ್ಚು ಸಮೇತ ಬಂದಿದ್ದ. ದೊಡ್ಡಮ್ಮ ಎದ್ದು ಹೋಗಿ, “ಸತ್ತಿಲ್ಲ ಹೋಗ್ರೋ, ಮಲಗವ್ಳೆ. ಯಾರಾದ್ರೂ ಸದ್ದು ಮಾಡಿದ್ರೋ ನಿಮ್ಮನ್ನ ಮಲಗಿಸ್ತೀನಿ” ಎಂದು ಎಲ್ಲರನ್ನೂ ಓಡಿಸಿದಳು. ಹೊಲದಿಂದ ಬಿದ್ದೆದ್ದು ಓಡಿಬಂದ ಅಪ್ಪ ಗೊರಕೆ ಕೇಳಿ ಜಗಲಿಯ ಮೇಲೆ ಕುಸಿದು ಕೂತ. ಅವನು ಅತ್ತದ್ದನ್ನು ನಾನು ನೋಡಿದ್ದು ಅದೊಂದೇ ಸಲ. ಪಾಲಿನ ದಿನ ಹೆಂಡತಿಯ ಕಡೆ ತಿರುಗದ ಮುಖವನ್ನು ಈಗ ಬಾಗಿಲ ಕಡೆ ತಿರುಗಿಸಿಕೊಂಡು ಬಹಳ ಹೊತ್ತು ಕೂತಿದ್ದ.

ದೀಪ ಹಚ್ಚುವ ಹೊತ್ತಾಯಿತು. ಆ ಹೊತ್ತಿನಲ್ಲಿ ಕೂಸನ್ನೂ ಮಲಗಗೊಡದ ದೊಡ್ಡಮ್ಮ ಅವ್ವನನ್ನು ಎಬ್ಬಿಸಲಿಲ್ಲ. ತಾನೇ ಹೋಗಿ ನಮ್ಮ ದೇವರ ಮನೆಯಲ್ಲಿ ದೀಪ ಹಚ್ಚಿದಳು. ಜಾಗಟೆಯನ್ನು ಒರೆಸಿ ಮೊಳೆಗೆ ಹಾಕಿದಳು. ಮುದ್ದೆ ತೊಳಸಿ ನಮಗೆ ಬಡಿಸಿದಳು. ಗೋಡೆಗೊರಗಿ, ಅವ್ವ ಇಷ್ಟು ದಿನ ಕೂರುತ್ತಿದ್ದ ಜಾಗದಲ್ಲೇ ಕೂತು, ನನ್ನ ತಲೆಯನ್ನು ತೊಡೆಯ ಮೇಲೆ ಎಳೆದುಕೊಂಡು ಸಿಕ್ಕು ಬಿಡಿಸತೊಡಗಿದಳು. ಅವ್ವನ ಗೊರಕೆ ಮನೆಯನ್ನೆಲ್ಲ ತುಂಬಿತ್ತು. ಅದಕ್ಕಿಂತ ಇಂಪಾದದ್ದನ್ನು ನಾನು ಕೇಳಿಲ್ಲ. ಯಾವಾಗ ಕಣ್ಣು ಹತ್ತಿತೋ ತಿಳಿಯದು.

ಬೆಳಕು ಹರಿದ ಮೇಲೆ ಅವ್ವ ಎದ್ದಳು. ಮುಖ ತೊಳೆದು ಬಂದು ದೊಡ್ಡಮ್ಮನ ಎದುರು ಕೂತಳು.

“ಬಾವಿ ತನಕ ನಿನ್ನ ಮಾತು ಕೇಳ್ತಾ ಇತ್ತು ಅಕ್ಕ. ಆಮ್ಯಾಕೆ ಗೊತ್ತಿಲ್ಲ” ಅಂದಳು ಅವ್ವ. ತಡೆದು ಕೇಳಿದಳು: “ನನ್ನ ಗಿಡ ಹೊಂಬಾಳೆ ಒಡೆದೈತೆ ಅಂದ್ಯಲ್ಲ, ನಿಜವಾ? ಇಲ್ಲ ಅಳೋವಾಗ ಸುಮ್ನೆ ಅಂದಿದ್ದಾ?”

“ಅಳೋವಾಗ ಯಾರಾದ್ರೂ ಸುಳ್ಳು ಹೇಳ್ತಾರೇನೇ?” ಅಂದಳು ದೊಡ್ಡಮ್ಮ. “ಏಳು, ನೋಡುವಂತೆ.”

ಮೂವರೂ ಹೊರಟೆವು. ಇಬ್ಬನಿ ಇನ್ನೂ ಆರಿರಲಿಲ್ಲ, ದಾರಿಯ ಧೂಳು ಕಾಲಿಗೆ ಮೆತ್ತಗಿತ್ತು, ಎಲ್ಲೋ ದನದ ಕೊರಳಗಂಟೆ ಕೇಳುತ್ತಿತ್ತು. ನಿನ್ನೆ ದೊಡ್ಡಮ್ಮ ಓಡಿಬಂದ ರಭಸಕ್ಕೆ ಉಣುಗೋಲಿನ ಗಳಗಳು ನೆಲದಲ್ಲಿ ಬಿದ್ದಿದ್ದವು. ಕಂಬದ ಹತ್ತಿರ ಬಂದು ಅವ್ವ ನಿಂತುಬಿಟ್ಟಳು. ಕಣ್ಣು ಮುಚ್ಚಿಕೊಂಡು ದಿನವೂ ಎಲ್ಲಿ ನಿಲ್ಲುತ್ತಿದ್ದಳೋ ಅಲ್ಲೇ.

“ಅಕ್ಕ, ಆಣೆ ಮಾಡಿದ್ನಲ್ಲ” ಅಂದಳು.

ದೊಡ್ಡಮ್ಮ ಒಳಗೆ ಹೋಗಿ ತಿರುಗಿ ನಿಂತಳು. ಬಿದ್ದಿದ್ದ ಗಳವೊಂದನ್ನು ಕಾಲಿನಿಂದ ಬದಿಗೆ ಸರಿಸಿದಳು.

“ಆ ಆಣೆ ಮಾಡಿದೋಳು ಸತ್ತೋದ್ಲು. ಅವಳಿಗೆ ನಿನ್ನೆ ಅತ್ತು ಮುಗಿಸಿದೀನಿ. ನೀನು ಬಾ.”

ಅವ್ವ ಕಣ್ಣು ತೆರೆದುಕೊಂಡೇ ಒಳಗೆ ಕಾಲಿಟ್ಟಳು.